ಫೂಲ್ ತರಲು ಹೋದ ವಗ್ದಿ

ಕೊನೆಯ ಪುಟವೂ ಮಗುಚಿತು, ಅದರ ಹಿಂದೆ ಖಾಲಿ ಹಾಳೆ, ಅದರ ಹಿಂದೆ ಇನ್ನೊಂದು ಖಾಲಿ ಹಾಳೆ, ಇಜ್ಲಾಲ್ ಅದನ್ನೂ ಬೆಳಕಿಗೆ ಹಿಡಿದು ನೋಡಿದಳು — ಇಷ್ಟೇನಾ, ಇಷ್ಟಕ್ಕೇನಾ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲೆಲ್ಲ ಹೆಂಗಸರು ಇಳಿಯುವ ಸ್ಟಾಪು ಮರೆತು ಇದನ್ನೇ ಹಿಡಿದು ಕೂತದ್ದು, ತಂಗಿ ನಾಹೆದ್ ಫೋನಿನಲ್ಲಿ ಅಕ್ಕಾ ಒಲೆ ಮೇಲೆ ಏನೂ ಇಟ್ಟು ಓದಬೇಡ ಅಂದಿದ್ದಳು, ಬದನೆಕಾಯಿ ಸೀದದ್ದೂ ನಿಜ, ಏಳಲಾಗದೆ ಕೂತದ್ದೂ ನಿಜ, ಕೊನೆಗೆ ಸಿಕ್ಕಿದ್ದೇನು, ಕಾಣೆಯಾದವನ ಅವಳಿ ತಮ್ಮ, ಎಲ್ಲೂ ಸುಳಿವೇ ಇಲ್ಲದ ಅವಳಿ ತಮ್ಮ ಗಡ್ಡ ಬೋಳಿಸಿಕೊಂಡು ಬಂದು ನಿಂತ, ಕಥೆ ಮುಗಿಯಿತು, ಉಪ್ಪಿಲ್ಲದ ಸಾರು — ಆದರೂ ಪುಸ್ತಕದ ಮೇಲಿನ ಸಿಟ್ಟಿಗಿಂತ ತನ್ನ ಬಗ್ಗೆಯೇ ಒಂಥರಾ ಸೋಜಿಗ, ತಾನು ಅದರಲ್ಲಿ ಹುಡುಕುತ್ತಿದ್ದುದು ಏನನ್ನು, ಕಥೆಯೊಳಗಿನ ಗಂಡ ಒಂದು ಬೆಳಗ್ಗೆ ಸಿಗರೇಟು ತರಲು ಹೋದವನು ಬರುವುದೇ ಇಲ್ಲ, ಹೆಂಡತಿ ಬೈರೂತಿಗೆ ಹೋಗುತ್ತಾಳೆ, ಸೈಪ್ರಸ್ಸಿಗೆ ಹೋಗುತ್ತಾಳೆ, ಕೊಲೆ, ಪಿಸ್ತೂಲು ಬೇರೆ, ಎಲ್ಲಿ ಹೋದ ಎಲ್ಲಿ ಹೋದ ಅಂತ ಪುಟಗಟ್ಟಲೆ, ಯಾಕೆ ಹೋದ ಅಂತ ಒಂದು ಸಾಲಿಲ್ಲ, ಆ ಸಾಲಿಗಾಗಿಯೇ ಕಾದಿದ್ದಳಲ್ಲ, ಯಾಕೆಂದರೆ ವಗ್ದಿಯೂ ಹೋಗಿದ್ದ, ಅವಳ ಗಂಡ, ಈಗ ಬಾಲ್ಕನಿಯ ಆ ಮೂಲೆಯಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಬಟಾಣಿ ಸುಲಿಯುತ್ತಿರುವ ಇದೇ ವಗ್ದಿ, ಮದುವೆಯಾದ ಮರುವರ್ಷ, ಒಂದು ಶುಕ್ರವಾರ, ತಿಂಡಿಗೆ ಬೀದಿ ಕೊನೆಯ ಅಂಗಡಿಯಿಂದ ಬೇಯಿಸಿದ ಫೂಲ್ ಕಾಳು ತರುತ್ತೇನೆಂದು ಪಾತ್ರೆ ಹಿಡಿದು ಹೋದವನು ನಮಾಜು ಮುಗಿದು ಜನ ಚದುರಿ ಎಲ್ಲರ ಊಟವೂ ಆದ ಮೇಲೆ ಬಂದ, ಫೂಲ್ ಇಲ್ಲ, ಕೈಕಾಲು ತೊಳೆದು ಮಲಗಿದ, ಅವಳೂ ಕೇಳಲಿಲ್ಲ, ಕೇಳಿದರೆ ಉತ್ತರ ಬಂದೀತೆಂಬ ಭಯ, ಆಮೇಲೆ ಮಕ್ಕಳು, ಅವುಗಳ ದಡಾರ, ಅವುಗಳ ಪರೀಕ್ಷೆ, ಅವುಗಳ ಮದುವೆ, ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಅಲ್ಲೇ, ನಾಲಿಗೆ ಹೋಗಿ ಹೋಗಿ ತಟ್ಟುತ್ತದೆ — ಹೆಂಗಿತ್ತು ನಿನ್ನ ಪುಸ್ತಕ, ವಗ್ದಿ ಕೇಳುತ್ತಾನೆ, ಕೊಲೆಗಾರ ಸಿಕ್ಕಿದನಾ, ಸಿಕ್ಕಿದ, ಅವಳಿ ತಮ್ಮ, ಅಷ್ಟಕ್ಕೆ ನನ್ನ ಬದನೆಕಾಯಿ ಸೀಯಿಸಿದ್ಯಾ ಉಮ್ಮ್ ಶೆರೀಫ್, ಮಗ ಹುಟ್ಟಿದಂದಿನಿಂದ ಅವಳನ್ನು ಹಾಗೇ, ಶೆರೀಫನ ಅಮ್ಮ ಅಂತಲೇ ಕರೆಯುವುದು, ನಗುತ್ತಾನೆ, ಒಂದು ಬಟಾಣಿ ಉರುಳಿ ಅವಳ ಕಾಲ ಬಳಿ ಬಂತು, ಬಗ್ಗಿದಳು, ಮುಖ ಕಾಣದಿರುವಾಗಲೇ ಕೇಳಿಬಿಡೋಣ, ಆ ಶುಕ್ರವಾರ ಫೂಲ್ ತರಕ್ಕೆ ಅಂತ ಹೋದವರು ಎಲ್ಲಿಗೆ ಹೋಗಿದ್ರಿ.

ಸಿಪ್ಪೆ ಒಡೆಯುವ ಸದ್ದು ನಿಂತಿತು, ಯಾವ ಶುಕ್ರವಾರ ಅನ್ನಲಿಲ್ಲ ಅವನು, ಸ್ಟೇಷನ್‌ಗೆ, ಅಂದ, ಅಸ್ವಾನಿಗೆ ಟಿಕೆಟ್ ತಗೊಂಡಿದ್ದೆ, ಅಷ್ಟು ದೂರಕ್ಕಾ, ಹೂಂ, ಹತ್ತಲಿಲ್ವಾ, ಒಂದು ಕಾಲು ಇಟ್ಟಿದ್ದೆ, ಮತ್ತೆ, ಮತ್ತೇನು, ಕೈಲಿ ನಿನ್ನ ಪಾತ್ರೆ ಇತ್ತಲ್ಲ, ಮೇಲೆ ನಿಂತಿದ್ದವನೊಬ್ಬ ಕೇಳೇಬಿಟ್ಟ, ಏನಣ್ಣಾ ಫೂಲಿಗೆ ಅಸ್ವಾನ್ ತನಕಾನಾ ಅಂತ — ಯಾಕೆ ಎಂಬ ಮಾತು ಅವಳ ತುಟಿಗೆ ಬಂದಿದೆ, ಯಾಕೆ ಹೊರಟಿದ್ರಿ, ಆ ಒಂದು ಸಾಲು, ಕೇಳಬಹುದು, ಅವನು ಹೇಳಿಯೂಬಿಡಬಹುದು, ಕನ್ನಡಕ ತೆಗೆದು ಕಾಯುತ್ತಿದ್ದಾನೆ, ಆದರೆ ಅವಳ ಕಣ್ಣ ಮುಂದೆ ಆವತ್ತಿನ ರೈಲು ಕೂಗುತ್ತಿದೆ, ಬಾಗಿಲಲ್ಲಿ ತೆಳ್ಳಗಿನ ವಗ್ದಿ, ತಾನೇ ಇಸ್ತ್ರಿ ಮಾಡಿಕೊಟ್ಟ ಅಂಗಿ, ಕೈಯಲ್ಲಿ ಹಿಡಿ ಅಲುಗಾಡುವ ಆ ಅಲ್ಯೂಮಿನಿಯಂ ಪಾತ್ರೆ, ಒಯ್ಯುವ ಹಾಗಿಲ್ಲ, ಕಲ್ಲುಬೆಂಚಿನ ಮೇಲೆ ಇಟ್ಟು ಹೋಗಲು ಮನಸ್ಸಿಲ್ಲ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಪಾತ್ರೆ, ಗಾಲಿ ಅಲುಗಿತು, ಪಾತ್ರೆ, ಎದೆಗೆ ಒತ್ತಿಕೊಂಡ ಖಾಲಿ ಪಾತ್ರೆ