ಗೊಜ್ಜಾಮಿನ ಒಡಪು

"ಆ ಮಂದಿ ಐದು ವರ್ಷ ಗವಿಯಾಗೆ ಏನು ತಿಂದಿದ್ದಾರು?"

ಷಣ್ಮುಖಪ್ಪ ಹಣೆಗೆ ವಿಭೂತಿ ಬಳಿದುಕೊಳ್ಳುತ್ತ ಕೇಳಿದ ಮಾತಿದು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ವೀರಗಾಸೆಯ ಪುರವಂತ. ವೀರಭದ್ರನ ವೇಷ ಕಟ್ಟಿ, ಕತ್ತಿ ಹಿಡಿದು, ದಕ್ಷನ ಯಜ್ಞ ಕೆಡಿಸಿದ ಕಥೆಯನ್ನು ಅಬ್ಬರಿಸಿ ಒಡಪು ಹೇಳುವವನು. ವೇಷ ಕಟ್ಟುವಾಗ ನಾಲಿಗೆ ತಾನಾಗಿ ಆಡುತ್ತದೆ. ಇವತ್ತು ಅದರ ಮೇಲೆ ದಕ್ಷನಿರಲಿಲ್ಲ, ಇಥಿಯೋಪಿಯಾ ಇತ್ತು.

ಆ ಕಥೆಯನ್ನು ಹೊನ್ನಾಳಿಗೆ ತಂದವರು ರೇವಣ್ಣ ಮೇಷ್ಟ್ರು. ಅಲ್ಲಿನ ಗೊಜ್ಜಾಮ್ ಸೀಮೆಯಲ್ಲಿ ಗಣಿತ ಕಲಿಸಲು ಹೋಗಿ, ರಾಜನನ್ನು ಇಳಿಸಿದ ಗಲಾಟೆಯಾದ ಮೇಲೆ ಮರಳಿದವರು. ಅವರು ಬಾಡಿಗೆಗಿದ್ದ ಮನೆಯ ಮುದುಕ ತಸ್ಸೆಮಾ, ನಲವತ್ತು ವರ್ಷದ ಹಿಂದೆ ದೇಶಕ್ಕೆ ನುಗ್ಗಿದ ಇಟಲಿಯವರ ಮೇಲೆ ಬಂದೂಕು ಹಿಡಿದವನು. ಇಟಲಿಯವರು ವಿಮಾನದಿಂದ ವಿಷ ಸುರಿದರು, ಊರೂರು ಸುಟ್ಟರು. ರಾಜ ಪರದೇಶ ಸೇರಿದ. ಆಗ ಉಳುವವರು, ಪಾದ್ರಿಗಳು, ಹೆಂಗಸರು ಕಣಿವೆಗಿಳಿದು ಗವಿ ಸೇರಿ, ಹಗೆ ತೊಲಗುವತನಕ ಕೂದಲು ಕತ್ತರಿಸದೆ, ಬಿದ್ದ ಶತ್ರುವಿನ ಬಂದೂಕನ್ನೇ ಕಸಿದು ಕಾದಿದರು. ಕಾಳಗಕ್ಕೆ ಮುನ್ನ ಒಬ್ಬೊಬ್ಬನೂ ಎದ್ದು, ತಾನು ಯಾರ ಮಗ, ಎಲ್ಲಿ ಯಾರನ್ನು ಕೆಡವಿದೆ ಎಂದು ಗರ್ಜಿಸಿ ಹೇಳುತ್ತಿದ್ದನಂತೆ. ಥೇಟು ನಮ್ಮ ಒಡಪೇ ಎಂದು ಮೇಷ್ಟ್ರು ಹೇಳಿದಾಗ ಷಣ್ಮುಖಪ್ಪನ ಮೈ ಜುಮ್ಮೆಂದಿತ್ತು. ಇಟಲಿಯವರು ಓಡಿದ ಮೇಲೆ, ಅವರ ಸಂಬಳ ತಿಂದು ಗವಿಯ ದಾರಿ ತೋರಿಸಿದವರೂ ಕೂದಲು ಬಿಟ್ಟುಕೊಂಡು ವೀರರ ಸಾಲಿಗೆ ಬಂದು ನಿಂತರಂತೆ. ಅಂಥವರ ಮನೆಯ ನೀರನ್ನೂ ತಸ್ಸೆಮಾ ಸಾಯುವತನಕ ಮುಟ್ಟಲಿಲ್ಲವಂತೆ.

ಷಣ್ಮುಖಪ್ಪ ಅದನ್ನು ಒಡಪಾಗಿ ಕಟ್ಟಿದ. ನ್ಯಾಮತಿಯಲ್ಲಿ ಹೇಳಿದ, ಜಗಳೂರಿನಲ್ಲಿ ಹೇಳಿದ. ವಾದ್ಯ ನಿಂತರೂ ಜನ ಏಳಲಿಲ್ಲ.

ಇವತ್ತಿನದು ಚನ್ನಗಿರಿಯ ಬಸವರಾಜಪ್ಪನ ಮನೆಯ ಗುಗ್ಗುಳ, ಮಗನ ಮದುವೆಗೆ ಮುನ್ನ ಕೆಂಡದ ಕೊಡ ಹೊತ್ತು ನಡೆಸುವ ವೀರಭದ್ರನ ಸೇವೆ. ಗುಗ್ಗುಳಕ್ಕೆ ಕರೆದರೆ ಪುರವಂತ ಒಲ್ಲೆ ಅನ್ನುವಂತಿಲ್ಲ, ಹಗೆಯ ಬಾಗಿಲಾದರೂ ಸರಿ. ಇದು ಹಗೆಯ ಬಾಗಿಲೇ. ಎಮರ್ಜೆನ್ಸಿಯಲ್ಲಿ ಗೋಡೆಗೆ ಸರ್ಕಾರದ ವಿರುದ್ಧ ಚೀಟಿ ಅಂಟಿಸಿದವನು ಇವನೇ ಎಂದು ಷಣ್ಮುಖಪ್ಪನ ಅಣ್ಣ ಮುರುಗೇಶಪ್ಪನನ್ನು ಪೊಲೀಸರಿಗೆ ಬೊಟ್ಟು ಮಾಡಿ ತೋರಿಸಿದ್ದು ಬಸವರಾಜಪ್ಪ. ಮುರುಗೇಶಪ್ಪನೂ ಪುರವಂತನೇ. ಒದೆ ತಿಂದು ಬಂದ ಮೇಲೆ ಅವನ ಬಲಗೈ ಕತ್ತಿ ಎತ್ತಲಿಲ್ಲ. ಇವತ್ತು ಬೆಳಿಗ್ಗೆ ತಮ್ಮ ಹೊರಟಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಸರ್ಕಾರ ಬದಲಾದದ್ದೇ ತಡ, ಬಸವರಾಜಪ್ಪ ಖಾದಿ ತೊಟ್ಟು, ತಾನೂ ಭೂಗತನಾಗಿದ್ದೆನೆಂದು ಹೇಳಿಕೊಂಡು ತಿರುಗತೊಡಗಿದ್ದ. ವೀರಭದ್ರನ ಗುಡಿಯ ಕಮಿಟಿಗೂ ಅವನದೇ ಯಜಮಾನಿಕೆ.

ವೇಷ ಮುಗಿಯುವ ಹೊತ್ತಿಗೆ ಅವನೇ ಕೋಣೆಗೆ ಬಂದ. ಬೀಗರು ಕಾಯುತ್ತಿದ್ದಾರೆ, ದಾವಣಗೆರೆಯಿಂದ ಪಾರ್ಟಿಯ ದೊಡ್ಡವರೂ ಬಂದಿದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿದ.

"ಆ ಇಥಿಯೋಪಿಯಾದ ಒಡಪು ಐತಲ್ಲ, ಅದನ್ನೇ ಹೇಳು. ಎಮರ್ಜೆನ್ಸಿಯಾಗೆ ಬಸವರಾಜಪ್ಪನೂ ಹಿಂಗೇ ಎದೆ ಕೊಟ್ಟ ಅಂತ ಕೊನೇಗೆ ಎರಡು ಸೊಲ್ಲು ಸೇರಿಸು, ಸಾಕು."

ಷಣ್ಮುಖಪ್ಪ ಸೊಂಟದ ಪಟ್ಟಿ ಬಿಗಿದ. ಗುಗ್ಗುಳಕ್ಕೆ ದಕ್ಷನ ಒಡಪೇ ಹೇಳುವುದು, ಅದಕ್ಕೇನೂ ಕಡಿಮೆ ಮಾಡುವುದಿಲ್ಲ ಎಂದ.

"ದಕ್ಷನ್ನ ಎಲ್ಲಾರೂ ಕೇಳ್ಯಾರೆ." ಬಸವರಾಜಪ್ಪ ನಕ್ಕ. "ಬೇಕಾದ್ರೆ ನಿಮ್ಮಣ್ಣನ್ನೂ ಸೇರಿಸ್ಕಳಪ್ಪ. ಇಬ್ರೂ ಜೊತೆಗಿದ್ರು ಅನ್ನು. ಆ ಕೈಗೂ ಒಂದು ಮರ್ಯಾದೆ ಬರ್ತೈತೆ."

ಷಣ್ಮುಖಪ್ಪ ತಲೆಯೆತ್ತಿ ಅವನ ಮುಖವನ್ನೇ ನೋಡಿದ. ನಗು ಅಲ್ಲಿಗೇ ನಿಂತಿತು.

"ಹೇಳದಿದ್ರೆ ನೋಡು, ನಾಳೆಯಿಂದ ಈ ಸೀಮೆಯಾಗೆ ಯಾವನು ನಿನ್ನ ಗುಗ್ಗುಳಕ್ಕೆ ಕರೀತಾನೆ ಅಂತ. ಕಮಿಟಿ ನಂದು."

ಅದು ಬರೀ ಬೆದರಿಕೆಯಲ್ಲ. ಅಜ್ಜನ ಕಾಲದಿಂದ ಬಂದ ವೇಷ ಅದು. ಷಣ್ಮುಖಪ್ಪನಿಗೆ ಬೇರೆ ಕಸುಬು ಬಾರದು, ಅಣ್ಣನ ಕೈ ಕೆಲಸಕ್ಕೆ ಬಾರದು. ಹೊರಗೆ ಸಂಬಾಳದ ವಾದ್ಯದವರು ಬಡಿತ ಶುರು ಮಾಡಿದರು. ಅವನು ಕತ್ತಿಯನ್ನು ಕಣ್ಣಿಗೊತ್ತಿಕೊಂಡು ಎದ್ದ.

"ಗುಗ್ಗುಳ ನಡೆಸ್ತೀನಿ ಯಜಮಾನ್ರೆ, ಅದು ದೇವರ ಕೆಲಸ. ನಿಮ್ಮ ಹೆಸರು ಮಾತ್ರ ಈ ಬಾಯಾಗೆ ಬರಂಗಿಲ್ಲ. ನಾ ಹೇಳಲ್ಲ."