ಎದ್ದು ಹೋಗದವಳ ಕುರ್ಚಿ

ಗದಗಿನ ಮೇದಾರ ಓಣಿಯಲ್ಲಿ, ನೀರಿನಲ್ಲಿ ನೆನೆದು ಮೆತ್ತಗಾದ ಬೆತ್ತದ ಸೀಳುಗಳು ಒಂದರೊಳಗೊಂದು ಹಾಯ್ದು ಬಿಗಿದುಕೊಂಡಾಗ ನಾನು ಕುರ್ಚಿಯಾದೆ. ಬಣ್ಣವಿಲ್ಲ, ಕೆತ್ತನೆಯಿಲ್ಲ. ಎರಡು ತೋಳು, ಒಂದು ಮಡಿಲು. ಇಷ್ಟೇ ನನ್ನ ಸಂಪತ್ತು.

ಮೊದಲು ನಾನು ಸೇರಿದ್ದು ಒಂದು ಫೋಟೋ ಸ್ಟುಡಿಯೋಕ್ಕೆ. ಮದುಮಕ್ಕಳು, ಪೈಲ್ವಾನರು, ಹೊಸ ಕೋಟು ತೊಟ್ಟ ವ್ಯಾಪಾರಿಗಳು ನನ್ನ ಮೇಲೆ ಕುಳಿತು ಉಸಿರು ಬಿಗಿಹಿಡಿಯುತ್ತಿದ್ದರು. ಸ್ಟುಡಿಯೋ ಮುಚ್ಚಿದಾಗ, ಅದರ ಫಲಕ ಬರೆದಿದ್ದ ಚಂಬಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ತನ್ನ ಮನೆಗೆ ತಂದ.

ಚಂಬಣ್ಣನಿಗೆ ಚಿತ್ರ ಕಲಿಸಿದ ಗುರು ಯಾರೂ ಇರಲಿಲ್ಲ. ಕ್ಯಾಲೆಂಡರ್ ನೋಡಿ ಕೈ ತಿದ್ದಿಕೊಂಡವನು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಹಳೆಯ ಫೋಟೋದ ಮೇಲೆ ಚೌಕಗಳನ್ನು ಎಳೆದು, ಅದನ್ನು ದೊಡ್ಡ ಬಣ್ಣದ ಚಿತ್ರವಾಗಿ ಬರೆದು ಕೊಡುತ್ತಿದ್ದ. ಕುಂಚ ಮುಟ್ಟುವ ಮೊದಲು ಬಹಳ ಹೊತ್ತು ಸುಮ್ಮನೆ ನೋಡುವುದು ಅವನ ಪದ್ಧತಿ. ಕಂಡಷ್ಟನ್ನೇ ಬರೆಯುತ್ತಿದ್ದ, ಕಾಣದ ಒಂದು ಕೂದಲನ್ನೂ ಸೇರಿಸುತ್ತಿರಲಿಲ್ಲ.

ಅವನ ತಾಯಿ ಸಂಗವ್ವ ನನ್ನನ್ನು ತನ್ನದಾಗಿಸಿಕೊಂಡಳು. ಬಲಸೊಂಟದ ನೋವಿನಿಂದ ಎಡಕ್ಕೆ ವಾಲಿ ಕೂರುವಳು. ಫೋಟೋ ತೆಗೆಸಿದರೆ ಆಯುಷ್ಯ ತಗ್ಗುತ್ತದೆಂದು ನಂಬಿದ್ದಳು.

"ಅವ್ವಾ, ಒಂದ ತಾಸು ಅಲುಗದಂಗ ಕುಂಡ್ರು, ನಿನ್ನ ಮಾರಿ ಬರದ ಬಿಡ್ತೀನಿ," ಎಂದು ಚಂಬಣ್ಣ ಗೋಗರೆಯುತ್ತಿದ್ದ.

"ನನ್ನ ಮಾರಿ ಗ್ವಾಡಿಗೆ ಹಾಕಾಕ ಇಷ್ಟ್ಯಾಕ ಅವಸರ? ನೀ ಬರದ್ರ ಹೆಣದ ಮಾರೀನ ಬರೀತಿ, ಹೋಗೋ!" ಎಂದು ಅವಳು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ತೀರಿಕೊಂಡಳು. ಅವರ ಸಂಪ್ರದಾಯದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಹೂವು ಮುಡಿಸಿ, ನನ್ನ ಮೇಲೆಯೇ ಕೂರಿಸಿದರು. ಭಜನೆ ನಡೆಯಿತು. ಮಧ್ಯಾಹ್ನ ಹೂವಿನ ಮಂಟಪದಂಥ ವಿಮಾನ ಕಟ್ಟಿ, ಕೂತ ಭಂಗಿಯಲ್ಲಿಯೇ ಅವಳನ್ನು ಎತ್ತಿಕೊಂಡು ಹೋದರು. ಕೂತವರು ಎದ್ದುಹೋದರೆ ನನಗೆ ತಿಳಿಯುತ್ತದೆ. ಬೆತ್ತ ನಿಟ್ಟುಸಿರು ಬಿಟ್ಟು ಮೇಲೇಳುತ್ತದೆ. ಆ ದಿನ ಮನೆಯೆಲ್ಲ ಬರಿದಾಯಿತು, ಆದರೆ ನನ್ನ ಬೆತ್ತ ಮೇಲೇಳಲಿಲ್ಲ.

ತೀರಿಹೋದವಳ ಹೆಸರಿನಲ್ಲಿ ನಡೆಯಬೇಕಾದ ಶಿವಗಣಾರಾಧನೆ ಸಮೀಪಿಸಿತು. ಪೂಜೆಗೆ ಇಡಲು ತಾಯಿಯ ಚಿತ್ರವೇ ಇಲ್ಲ. ಚಂಬಣ್ಣನ ಅಕ್ಕ ನೀಲವ್ವ ಸಿಡಿದಳು: "ಊರಾಗ ಸತ್ತೋರಿಗೆಲ್ಲ ಮಾರಿ ಕೊಟ್ಟಿ. ಹೆತ್ತಾಕಿಗೆ ಇಲ್ಲೇನು ನಿನ್ನ ಕೈಯಾಗ?"

"ಕಣ್ಣ ಮುಚ್ಚಿದ್ರ ಬರ್ತಾಳಕ್ಕ. ಕುಂಚ ಎತ್ತಿದ್ರ ಹೋಗ್ತಾಳ."

"ನಾ ಅವ್ವನಂಗ ಅದೀನಿ ಅಂತಾರ. ನನ್ನ ನೋಡಿ ಬರಿ."

ಅವಳು ನನ್ನ ಮೇಲೆ ಕುಳಿತಳು, ಕುಳಿತವಳೇ ಬೆಚ್ಚಿ ಎದ್ದಳು. "ಬೆಚ್ಚಗೈತೋ ಇದು," ಎಂದಳು. ಮತ್ತೆ ಅಂಚಿನಲ್ಲಿ ಕುಳಿತಳು. ಚಿತ್ರದಲ್ಲಿ ಮೂಡಿದ್ದು ಯಾರೋ ಮೂರನೆಯ ಹೆಂಗಸು. ಚಂಬಣ್ಣ ಅದನ್ನು ಕೆರೆದು ಹಾಕಿದ.

ಮರುದಿನ ಅವನು ನನ್ನ ಎದುರು ಕುಳಿತ. ಬೆಳಕು ನನ್ನ ಒಂದು ತೋಳಿನಿಂದ ಇನ್ನೊಂದಕ್ಕೆ ಜರುಗುವವರೆಗೂ ನೋಡುತ್ತಲೇ ಇದ್ದ. ಆಮೇಲೆ ಕುಂಚ ಎತ್ತಿ ನನ್ನನ್ನೇ ಬರೆಯತೊಡಗಿದ: ಎಡಕ್ಕೆ ಕುಸಿದ ಮಡಿಲು, ಅವಳ ಹಿಡಿತಕ್ಕೆ ಸವೆದು ಹೊಳೆಯುವ ತೋಳು, ಹಿಂಬದಿಯಲ್ಲಿ ಅವಳ ತಲೆಯೆಣ್ಣೆಯ ಕಲೆ. ಒಮ್ಮೆ ತಲೆಯೆತ್ತದೆಯೇ, "ಅವ್ವಾ, ಅಲುಗಬ್ಯಾಡ," ಎಂದ. ಅಲುಗಿದ್ದು ನಾನಲ್ಲ.

ಆರಾಧನೆಯ ದಿನ ಚಿತ್ರದ ಮೇಲಿನ ಬಟ್ಟೆ ಸರಿಯಿತು. ನೀಲವ್ವ ಖಾಲಿ ಕುರ್ಚಿಯನ್ನು ನೋಡಿದಳು.

"ಮಾರಿ ಎಲ್ಲೈತೋ, ಚಂಬಾ?"

"ಮಾರಿ ನನಗ ಸಿಗಲಿಲ್ಲಕ್ಕ. ಕುಂತದ್ದು ಸಿಕ್ಕೈತಿ. ಅಷ್ಟ ಬರದೀನಿ. ಊರ ಮಂದಿಗೆ ಬರದದ್ದೆಲ್ಲ ಅವರದು. ಇದೊಂದ ನಂದು."

ಬೀಗರಲ್ಲಿ ಒಬ್ಬ ನಕ್ಕ: "ಕುರ್ಚಿಗೆ ಕಾಯಿ ಒಡೀಬೇಕೇನ್ರಪಾ ಈಗ?"

ನೀಲವ್ವ ನಗಲಿಲ್ಲ. ಬಹಳ ಹೊತ್ತು ನೋಡಿದಳು. "ಸೊಂಟ ನೋವಂತ ಹಿಂಗ ಎಡಕ್ಕ ವಾಲತಿದ್ಲು," ಎಂದು ತನಗೆ ತಾನೇ ಹೇಳಿಕೊಂಡಳು. ಬಳಿಕ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಚಿತ್ರದಲ್ಲಿ ನನ್ನ ಬೆನ್ನಿನ ಮುಂದೆ ಬರೀ ಗಾಳಿಯಿದ್ದ ಜಾಗದಲ್ಲಿ, ಒಂದಿಷ್ಟೂ ತಡವರಿಸದೆ ಮೂರು ಗೆರೆ ಎಳೆದಳು. ಹಣೆ ಇರಬೇಕಾದ ಎತ್ತರ ಅದು. ನಗುತ್ತಿದ್ದ ಬೀಗ ತಲೆಯ ರುಮಾಲು ತೆಗೆದು ಕೈ ಮುಗಿದ.

ಈಗ ನಾನು ಮುಪ್ಪಾಗಿದ್ದೇನೆ. ಒಂದು ಕಾಲು ಸಡಿಲವಾಗಿದೆ. ಚಿತ್ರದ ಎದುರಿನ ಮೂಲೆಯಲ್ಲಿ ನನ್ನನ್ನು ಇಟ್ಟಿದ್ದಾರೆ; ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಯಾರೂ ಹೇಳಿಯೂ ಇಲ್ಲ. ಚಂಬಣ್ಣನ ಕಣ್ಣಿಗೆ ಪೊರೆ ಬಂದಿದೆ. ಸಂಗವ್ವನನ್ನು ಎಂದೂ ಕಾಣದ ಸೊಸೆಯಂದಿರು ವರ್ಷಕ್ಕೊಮ್ಮೆ ವಿಭೂತಿ ಹಚ್ಚುವಾಗ, ಒರೆಸಿ ಶುಚಿ ಮಾಡಿದ ಚಿತ್ರದ ಮೇಲೆ ಅವರ ಬೆರಳು ತಾನಾಗಿ ಅದೇ ಎತ್ತರಕ್ಕೆ ಹೋಗುತ್ತದೆ.

ಬಂದವರು ಕೇಳುತ್ತಾರೆ, ಈ ಚಿತ್ರ ಯಾರದು ಎಂದು. ಅದು ನನ್ನದೆಂದು ಹೇಳಿಕೊಳ್ಳುವ ಆಸೆ ನನಗೂ ಒಮ್ಮೊಮ್ಮೆ ಆಗುತ್ತದೆ. ಆದರೆ ಹೇಳುವುದಿಲ್ಲ. ನನ್ನ ಮಡಿಲಲ್ಲಿ ಕುಳಿತಿರುವವಳು ಕೇಳಿಸಿಕೊಂಡಾಳು.