ಸದ್ದಿಲ್ಲದೆ ಇಳಿದ ಲಾರಿ

ನನ್ನ ಗಂಡನಿಗೆ ಎಡಗಿವಿ ಮಂದ. ಅವರು ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಹುಡುಗರು ಎಡಗಡೆಯ ಬೆಂಚಿನಿಂದಲೇ ಪಿಸುಗುಡುತ್ತಿದ್ದರು.

ಸಂಡೂರಿನಿಂದ ಹೊಸಪೇಟೆ ಸ್ಟೇಷನ್ನಿಗೆ ಮ್ಯಾಂಗನೀಸ್ ಅದಿರು ತರುತ್ತಿದ್ದ ಲಾರಿ ಘಟ್ಟದ ಬುಡದಲ್ಲಿ ಅವರ ಮೇಲೆ ಹರಿಯಿತು; ಅಲ್ಲೇ ತೀರಿಕೊಂಡರು. ಜ್ವರದಲ್ಲಿದ್ದ ವಿದ್ಯಾರ್ಥಿಯೊಬ್ಬನನ್ನು ನೋಡಿಕೊಂಡು ನಡೆದು ಬರುತ್ತಿದ್ದರು. ಬಿಡದೆ ಹಾರ್ನ್ ಹೊಡೆದೆ ಎಂದ ಡ್ರೈವರ್ ಮರಿಸ್ವಾಮಿ. ಮೇಷ್ಟ್ರಿಗೆ ಕಿವಿ ಕೇಳದು, ತಪ್ಪು ಅವರದೇ ಎಂದು ಠಾಣೆಯವರು ಕೇಸು ಮುಚ್ಚುವವರಿದ್ದರು.

ಅತ್ತೆ ಭೀಮಾಬಾಯಿಯವರೂ ಅದನ್ನೇ ನಂಬಿದರು. "ಒಬ್ಬನ್ನ ಯಾಕ ಕಳಿಸಿದಿ?" ಎಂದು ಒಂದು ಸಲ ಕೇಳಿದರು. ಮತ್ತೆ ಕೇಳಲಿಲ್ಲ.

ನನಗೆ ಅಳು ಬಂದಿರಲಿಲ್ಲ. ಇನ್ನೂ ಬಂದಿಲ್ಲ.

ಬಳ್ಳಾರಿಯಿಂದ ಹೊಸ ಇನ್‌ಸ್ಪೆಕ್ಟರ್ ಅಂದಾನಪ್ಪ ಬಂದರು. ಅವರು ನನ್ನನ್ನೂ ಕರೆದುಕೊಂಡು ಆ ಜಾಗಕ್ಕೇ ಹೋದರು. ಲಾರಿ ಹರಿದ ದಿನ ಅಲ್ಲಿದ್ದವಳು ಆಡು ಮೇಯಿಸುವ ಉಚ್ಚೆಂಗಮ್ಮ ಒಬ್ಬಳೇ.

"ಹಾರ್ನ್ ಇಲ್ಲ, ಲಾರಿ ಸದ್ದೂ ಇಲ್ಲ. ಮೇಷ್ಟ್ರು ಚೀರಿದ್ದಷ್ಟ ಕೇಳ್ತು," ಎಂದಳು.

ಕಾನ್‌ಸ್ಟೇಬಲ್ ನಕ್ಕ. "ತುಂಬಿದ ಲಾರಿ ಮೈಲಿ ದೂರದಿಂದ ಕೇಳ್ತೈತಿ. ನಿನಗೂ ಕಿವಿ ಇಲ್ಲೇನಬೇ ಮುದುಕಿ?"

"ನನ್ನ ಕಿವಿ ನೆಟ್ಟಗದಾವು. ಆಡಿನ ಹೊಟ್ಟಿ ಗುಡುಗುಡು ಅಂದ್ರೂ ಕೇಳ್ತೈತಿ. ನಿನ್ನ ಹೊಟ್ಟೀದು ಈಗ ಕೇಳಾಕತ್ತೈತಿ ನೋಡು."

ಅಂದಾನಪ್ಪ ನಗಲಿಲ್ಲ. ಘಟ್ಟ ಇಳಿದು ಬರುತ್ತಿದ್ದ ಇನ್ನೊಂದು ಅದಿರಿನ ಲಾರಿಯನ್ನು ನಿಲ್ಲಿಸಿದರು. ಅದರ ಡ್ರೈವರ್ ಜಡೆಪ್ಪನನ್ನು ಕೇಳಿದರು: "ಇಳಿಜಾರಿನ್ಯಾಗ ಹೆಂಗ ಇಳಿಸ್ತಿ?"

"ಎಂಜಿನ್ ಬಂದ್ ಮಾಡಿ ಬಿಡ್ತೀವ್ರೀ, ತಾನ ಇಳಿತೈತಿ. ಯುದ್ಧದ ಕಾಲ, ಪೆಟ್ರೋಲ್ ಎಲ್ಲೈತ್ರೀ ಸಾಹೇಬ್ರ? ಎಲ್ಲಾರೂ ಹಂಗ."

ತಾನು ಏನು ಹೇಳಿದೆನೆಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಎಂಜಿನ್ ನಿಂತರೆ ಸದ್ದಿಲ್ಲ. ತುಂಬಿದ ಲಾರಿಯನ್ನು ಹಿಡಿದು ನಿಲ್ಲಿಸಲು ಬ್ರೇಕ್ ಬಿಟ್ಟರೆ ಬೇರೇನೂ ಇಲ್ಲ.

"ಕೋರ್ಟಿನ್ಯಾಗ ಮುದುಕಿ ಕಿವಿ ನಂಬಂಗಿಲ್ಲ. ಲಾರಿ ಇಳಿಸಿ ನೋಡಬೇಕು, ಕೇಳಾಕ ಯಾರರ ಅಲ್ಲಿ ನಿಂದರಬೇಕು," ಎಂದರು ಅಂದಾನಪ್ಪ.

"ನನ್ನ ಎರಡೂ ಕಿವಿ ಚಲೋ ಅದಾವ್ರೀ. ನಾ ನಿಂದರ್ತೀನಿ," ಎಂದೆ.

"ಬ್ಯಾಡ್ರೀ ಅಮ್ಮಾ. ಮನ್ಯಾಗ ಹಿರೇರು ಏನಂತಾರ?"

ನಾನು ಆಗಲೇ ಹೋಗಿ ನಿಂತಿದ್ದೆ. ನನ್ನ ಗಂಡ ಬಿದ್ದಿದ್ದ ರಸ್ತೆಯ ಎಡ ಅಂಚಿನಲ್ಲಿ, ಘಟ್ಟಕ್ಕೆ ಬೆನ್ನು ಮಾಡಿ.

"ಸದ್ದು ಕೇಳಿದ ಕೂಡ್ಲೆ ಕೈ ಎತ್ತರಿ. ಲಾರಿ ಬಲಕ್ಕೆ ಹೋಗ್ತೈತಿ, ಹೆದರಬ್ಯಾಡ್ರಿ," ಎಂದರು ಅಂದಾನಪ್ಪ.

ಮೊದಲ ಸಲ ಎಂಜಿನ್ ಹಾಕಿಕೊಂಡು ಇಳಿಸಿದರು. ಲಾರಿ ಮೇಲಿನ ತಿರುವಿನಲ್ಲಿರುವಾಗಲೇ ಕೈ ಎತ್ತಿದೆ.

ಎರಡನೆಯ ಸಲ ಎಂಜಿನ್ ಬಂದ್ ಮಾಡಿ ಇಳಿಸಬೇಕಿತ್ತು. ಗಾಳಿ ಎದುರಿನಿಂದ ಬೀಸುತ್ತಿತ್ತು. ಜಾಲಿಯ ಎಲೆ ಅಲುಗುವುದು ಕೇಳಿಸುತ್ತಿತ್ತು. ಉಚ್ಚೆಂಗಮ್ಮನ ಆಡು ಕೆಮ್ಮಿತು. ಲಾರಿಯನ್ನು ಇನ್ನೂ ಬಿಟ್ಟಿಲ್ಲವೇನೋ ಎಂದುಕೊಂಡೆ. ತಿರುಗಿ ಕೇಳಬೇಕೆನ್ನುವಷ್ಟರಲ್ಲಿ ಕಾಲಬುಡದಲ್ಲಿ ಜಲ್ಲಿ ಸಿಡಿಯಿತು. ಸೆರಗು ಕಿತ್ತುಕೊಂಡು ಹೋದಂತಾಯಿತು. ಕರಿ ಧೂಳು ಮುಖಕ್ಕೆ ಬಡಿಯಿತು. ಲಾರಿ ನನ್ನ ಮುಂದೆ ಇತ್ತು.

ನನ್ನ ಗಂಡನಿಗೆ ಎರಡೂ ಕಿವಿ ಕೇಳುತ್ತಿದ್ದರೂ ಇಷ್ಟೇ.

ಜಡೆಪ್ಪ ಬ್ರೇಕ್ ಒತ್ತಿದ್ದು ನನ್ನ ಹತ್ತಿರವೇ. ಲಾರಿ ಜಾರುತ್ತ ಜಾರುತ್ತ ಬಹಳ ದೂರ ಹೋಗಿ ನಿಂತಿತು. ಅವನು ಕೆಳಗಿಳಿದು ಬಂದ. ನನ್ನನ್ನು ನೋಡಿ, ಹೇಗೆ ನಿಂತಿದ್ದನೋ ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟ.

ಕಾನ್‌ಸ್ಟೇಬಲ್ ಟೇಪು ಹಿಡಿದು ಲಾರಿ ಜಾರಿದ ದೂರ ಅಳೆಯತೊಡಗಿದ. ಈಗ ಅವನೂ ನಗುತ್ತಿರಲಿಲ್ಲ.

"ಮುದುಕಿ ಹೇಳಿದ್ದು ಖರೇನ, ಎಂಜಿನ್ ಬಂದ್ ಮಾಡೇ ಇಳಿಸ್ಯಾನ. ಮರಿಸ್ವಾಮಿ ಮ್ಯಾಲ ಕೇಸ್ ನಿಂದರ್ತೈತ್ರೀ," ಎಂದರು ಅಂದಾನಪ್ಪ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಅಮ್ಮಾ, ಲಾರಿ ಹೋಯ್ತ್ರೀ. ಇನ್ನ ಕೈ ಇಳಸ್ರಿ."

ನೋಡಿದರೆ ನನ್ನ ಕೈ ಮೇಲೆಯೇ ಇತ್ತು. ಯಾವಾಗ ಎತ್ತಿದೆನೋ ತಿಳಿಯದು. ಇಳಿಸಲು ಉಚ್ಚೆಂಗಮ್ಮ ಬಂದು ಹಿಡಿಯಬೇಕಾಯಿತು.